ಪ್ರತಿಪದಪಾಠವೋ, ಲಕ್ಷಣವೋ? — ಉಪಾಧ್ಯಾಯರ ಗಣಕಶಿಕ್ಷಣವನ್ನು ಕುರಿತ ವಿಮರ್ಶೆ

ವ್ಯಾಕರಣಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಒಂದು ಐತಿಹ್ಯವುಂಟು. ದೇವಗುರುವಾದ ಬೃಹಸ್ಪತಿಯೇ ಇಂದ್ರನಿಗೆ ಶಬ್ದಗಳನ್ನು ಒಂದೊಂದಾಗಿ ಎತ್ತಿ ಪಾಠಹೇಳತೊಡಗಿ, ಸಾವಿರ ದಿವ್ಯವರ್ಷಗಳು ಕಳೆದರೂ ಶಬ್ದರಾಶಿಯ ಕೊನೆಯನ್ನು ಕಾಣದೆ ಹೋದನಂತೆ. ಈ ಕ್ರಮಕ್ಕೆ ಪ್ರತಿಪದಪಾಠವೆಂದು ಹೆಸರು. ಅಲ್ಪಾಯುಗಳಾದ ಮನುಷ್ಯರಿಗೆ ಇದು ಸಾಗದ ಮಾರ್ಗವಾದುದರಿಂದ, ಸಾಮಾನ್ಯವನ್ನೂ ವಿಶೇಷವನ್ನೂ ವಿಂಗಡಿಸಿ ಹೇಳುವ ಲಕ್ಷಣವನ್ನೇ ಆಶ್ರಯಿಸತಕ್ಕದ್ದೆಂದು ಪತಂಜಲಿಯ ತಾತ್ಪರ್ಯ. ಅದೇ ಪ್ರಸಂಗದಲ್ಲಿ ಆತನು ವಿದ್ಯೆಯು ಫಲಿಸುವುದಕ್ಕೆ ನಾಲ್ಕು ಕಾಲಗಳನ್ನು ಎಣಿಸಿರುವನು. ಗುರುವಿನಿಂದ ಪಡೆಯುವುದು ಆಗಮಕಾಲ. ತಾನೇ ಕುಳಿತು ಅಭ್ಯಸಿಸುವುದು ಸ್ವಾಧ್ಯಾಯಕಾಲ. ಪರರಿಗೆ ಹೇಳುವುದು ಪ್ರವಚನಕಾಲ. ಕಾರ್ಯದಲ್ಲಿ ತೊಡಗಿಸುವುದು ವ್ಯವಹಾರಕಾಲ.

ಶಾಲೆಗಳ ಉಪಾಧ್ಯಾಯರಿಗೆ ಗಣಕಯಂತ್ರದ ವಿದ್ಯೆಯನ್ನು ಕಲಿಸಿ, ಅವರ ಮೂಲಕ ಮಕ್ಕಳಿಗೆ ಕಲಿಸಬೇಕೆಂದು ಕರ್ಣಾಟಕದಲ್ಲಿ ಕಾಲು ಶತಮಾನದಿಂದ ನಡೆದಿರುವ ಪ್ರಯತ್ನಗಳನ್ನು ಈ ಎರಡು ಮಾತುಗಳ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಪರೀಕ್ಷಾಕ್ಷೇತ್ರವಾಗಿ ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳನ್ನು ಆರಿಸಿಕೊಂಡುದಕ್ಕೆ ಕಾರಣವಿದೆ. ನಗರದ ದೊಡ್ಡ ಶಾಲೆಯಲ್ಲಿ ದೋಷವುಳ್ಳ ಶಿಕ್ಷಣಕ್ರಮವೂ ಹೇಗೋ ನಡೆದುಹೋಗುವುದು. ಎರಡು ಮೂರು ಮನೆಗಳಿಗೊಂದು ಗುಡ್ಡವಿರುವ, ಒಬ್ಬಿಬ್ಬರು ಉಪಾಧ್ಯಾಯರೇ ಎಲ್ಲ ತರಗತಿಗಳನ್ನೂ ನಡೆಸುವ ಮಲೆನಾಡಿನ ಶಾಲೆಯಲ್ಲಿ ಅದೇ ಕ್ರಮವು ತನ್ನ ದೋಷವನ್ನು ಮರೆಸಲಾರದು.

ಮೊದಲು ಪದವಿಚಾರ. 'ಡಿಜಿಟಲ್ ಸಾಕ್ಷರತೆ' ಎಂಬುದು ಈಗ ಎಲ್ಲರ ಬಾಯಲ್ಲಿರುವ ಮಾತು. ಡಿಜಿಟ್ ಎಂಬ ಶಬ್ದದ ಮೂಲವಾದ ಲತೀನ್ ಪದಕ್ಕೆ ಬೆರಳೆಂದು ಅರ್ಥ. ಬೆರಳೆಣಿಕೆಯಿಂದ ಅಂಕಿಯೆಂಬ ಅರ್ಥವು ಬಂದಿತು. ಕನ್ನಡದಲ್ಲಿ ಕೆಲವರು 'ಅಂಕೀಯ' ಎನ್ನುವರು. ಶಬ್ದವು ಸಾಧುವೇ ಆದರೂ ನಡೆದಾಡುತ್ತಿಲ್ಲ. ಬಲವಂತದಿಂದ ನಡೆಯಿಸುವುದರಲ್ಲಿ ಪ್ರಯೋಜನವೂ ಇಲ್ಲ. ವಿಚಾರಿಸಬೇಕಾದುದು ಸಮಾಸದ ಉತ್ತರಪದವನ್ನು. ಸಾಕ್ಷರನೆಂದರೆ ಅಕ್ಷರಗಳ ಆಕಾರವನ್ನು ಗುರುತಿಸುವವನಷ್ಟೇ ಅಲ್ಲ, ಓದಿದುದನ್ನು ತಿಳಿದು ತನ್ನ ಮಾತನ್ನು ತಾನೇ ಬರೆಯಬಲ್ಲವನು. ಗಣಕಸಾಕ್ಷರತೆಯ ಹೆಸರಿನಲ್ಲಿ ಕಲಿಸಲ್ಪಟ್ಟುದು ಬಹುಮಟ್ಟಿಗೆ ಗುಂಡಿಗಳ ಗುರುತು ಮಾತ್ರ. ಇದೇ ಮುಖ್ಯವಾದ ಆಕ್ಷೇಪ.

ಪೂರ್ವಕಥೆಯನ್ನು ಸಂಕ್ಷೇಪವಾಗಿ ನೋಡಬಹುದು. ೧೯೮೪ರಲ್ಲಿ ಕೇಂದ್ರಸರಕಾರವು 'ಕ್ಲಾಸ್' ಎಂಬ ಯೋಜನೆಯ ಮೂಲಕ ಇಂಗ್ಲೆಂಡಿನ ಬಿಬಿಸಿ ಮೈಕ್ರೋ ಯಂತ್ರಗಳನ್ನು ದೇಶದ ಕೆಲವು ಶಾಲೆಗಳಿಗೆ ಕೊಟ್ಟಿತು. ಕರ್ಣಾಟಕ ಸರಕಾರವು ಈ ಶತಮಾನದ ಆದಿಯಲ್ಲಿ 'ಮಾಹಿತಿ ಸಿಂಧು' ಎಂಬ ಯೋಜನೆಯಿಂದ ಪ್ರೌಢಶಾಲೆಗಳಲ್ಲಿ ಗಣಕಕೊಠಡಿಗಳನ್ನು ತೆರೆಯಿತು. ೨೦೦೪ರಲ್ಲಿ ಕೇಂದ್ರದ 'ಐಸಿಟಿ ಅಟ್ ಸ್ಕೂಲ್ಸ್' ಯೋಜನೆಯು ಆರಂಭವಾಗಿ ರಾಜ್ಯಗಳಿಗೆ ಹಣವು ಬರತೊಡಗಿತು. ಇವುಗಳಲ್ಲಿ ಬಹುವಾಗಿ ಅನುಸರಿಸಿದ ಪದ್ಧತಿಯೆಂದರೆ, ಖಾಸಗಿ ಸಂಸ್ಥೆಯೊಂದು ಯಂತ್ರಗಳನ್ನು ಹೂಡಿ, ತನ್ನ ಬೋಧಕನನ್ನು ನೇಮಿಸಿ, ಕರಾರಿನ ಅವಧಿ ತೀರಿದ ಬಳಿಕ ಯಂತ್ರಗಳನ್ನು ಶಾಲೆಗೆ ಒಪ್ಪಿಸಿ ಹೋಗುವುದು. ಇದರ ದೋಷವು ಯಂತ್ರದಲ್ಲಿಲ್ಲ. ಶಾಲೆಯ ಉಪಾಧ್ಯಾಯರು ಗಣಕಕೊಠಡಿಯ ಹೊರಗೆ ಉಳಿದರು, ಒಳಗಿದ್ದವನು ಶಾಲೆಯವನಲ್ಲ. ಅವಧಿ ತೀರಿದಾಗ ವಿದ್ಯೆಯೂ ಬೋಧಕನೊಡನೆಯೇ ಹೊರಟುಹೋಯಿತು. ಬಾಡಿಗೆಯ ಪುರೋಹಿತನು ಮಂತ್ರ ಹೇಳಿ ಹೋದಮೇಲೆ ಯಜಮಾನನಿಗೆ ಸಂಕಲ್ಪವೂ ನೆನಪಿರದಂತೆ ಆಯಿತೆನ್ನಬೇಕು.

ಇದಕ್ಕೆ ಪ್ರತ್ಯುದಾಹರಣೆಯು ದೂರದಲ್ಲಿಲ್ಲ. ಕೇರಳವು ೨೦೦೧ರಲ್ಲಿ ಆರಂಭಿಸಿದ 'ಐಟಿ ಅಟ್ ಸ್ಕೂಲ್' ಯೋಜನೆಯಲ್ಲಿ ಶಾಲೆಗಳ ಉಪಾಧ್ಯಾಯರಿಂದಲೇ ಆರಿಸಿದವರನ್ನು ಮುಖ್ಯಶಿಕ್ಷಕರನ್ನಾಗಿ ಮಾಡಿ, ಅವರಿಂದ ಉಳಿದ ಉಪಾಧ್ಯಾಯರಿಗೆ ಪಾಠವನ್ನು ಹೇಳಿಸಿದರು. ಪ್ರತಿ ಪ್ರೌಢಶಾಲೆಯಲ್ಲಿಯೂ ಈ ಕಾರ್ಯವನ್ನು ನೋಡಿಕೊಳ್ಳುವ ಉಪಾಧ್ಯಾಯನೊಬ್ಬನನ್ನು ಗೊತ್ತುಮಾಡಿದರು. ಯಾರ ಒಡೆತನಕ್ಕೂ ಒಳಪಡದ ಸ್ವತಂತ್ರ ತಂತ್ರಾಂಶಗಳನ್ನು ಬಳಕೆಗೆ ತಂದರು. ೨೦೧೭ರಲ್ಲಿ ಆ ಯೋಜನೆಯು 'ಕೈಟ್' ಎಂಬ ಸರಕಾರಿ ಸಂಸ್ಥೆಯಾಗಿ ನೆಲೆಗೊಂಡಿತು. ಕನ್ನಡಿಗರು ಮುಖ್ಯವಾಗಿ ಗಮನಿಸಬೇಕಾದುದು ಮತ್ತೊಂದುಂಟು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ಈ ವಿಷಯದ ಪಠ್ಯಪುಸ್ತಕಗಳು ಕನ್ನಡದಲ್ಲಿ ಅಚ್ಚಾಗಿವೆ. ಅಂದರೆ ಗಣಕವಿದ್ಯೆಯನ್ನು ಶಾಲೆಯ ವಿಷಯವಾಗಿ ಕನ್ನಡದಲ್ಲಿ ಹೇಳುವ ಕಾರ್ಯವನ್ನು ಕರ್ಣಾಟಕದ ಗಡಿಯಾಚೆಗಿನ ಸರಕಾರವೊಂದು ತನ್ನ ಅಲ್ಪಸಂಖ್ಯಾತ ಪ್ರಜೆಗಳಿಗಾಗಿ ಮಾಡಿರುವುದು. ಕೇರಳದ ಹಳ್ಳಿಗಳು ಒತ್ತಾಗಿವೆ, ದಾರಿಗಳು ಚೆನ್ನಾಗಿವೆ, ಹೋಲಿಕೆ ಸರಿಯಲ್ಲವೆಂದು ಹೇಳುವವರಿರಬಹುದು. ದಾರಿಯ ವಿಷಯದಲ್ಲಿ ಅದು ನಿಜ. ಭಾಷೆಯ ವಿಷಯದಲ್ಲಿ ಈ ಸಮಾಧಾನವು ಸಲ್ಲುವುದಿಲ್ಲ.

ಕರ್ಣಾಟಕದಲ್ಲಿಯೂ ಒಳ್ಳೆಯ ಪ್ರಯತ್ನಗಳು ನಡೆಯಲಿಲ್ಲವೆಂದಲ್ಲ. ೨೦೧೧ರ ಸುಮಾರಿಗೆ ರಾಜ್ಯದ ಶಿಕ್ಷಣ ಇಲಾಖೆಯು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸಂಸ್ಥೆಯೊಡನೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿತು. ಗಣಿತ, ವಿಜ್ಞಾನ, ಸಮಾಜಶಾಸ್ತ್ರಗಳ ಉಪಾಧ್ಯಾಯರು ಕಾರ್ಯಾಗಾರಗಳಲ್ಲಿ ಕಲಿತು, ಊರಿಗೆ ಹಿಂದಿರುಗಿದಮೇಲೆ ಮಿಂಚಂಚೆಯ ಬಳಗಗಳಲ್ಲಿ ಪರಸ್ಪರ ಪ್ರಶ್ನೋತ್ತರ ನಡೆಸಿದರು. ತಾವು ಸಿದ್ಧಪಡಿಸಿದ ಪಾಠಗಳನ್ನು 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ಜಾಲತಾಣದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸೇರಿಸಿದರು. ಪತಂಜಲಿಯ ಎಣಿಕೆಯಂತೆ ಇಲ್ಲಿ ಆಗಮವೂ ಸ್ವಾಧ್ಯಾಯವೂ ಪ್ರವಚನವೂ ವ್ಯವಹಾರವೂ ಒಂದಕ್ಕೊಂದು ಕೂಡಿಬಂದವು. ರೇಖಾಗಣಿತದ ಉಪಾಧ್ಯಾಯನು ಜಿಯೋಜೀಬ್ರಾ ತಂತ್ರಾಂಶವನ್ನು ಕಲಿತುದು ತ್ರಿಕೋಣವನ್ನು ಕಲಿಸುವುದಕ್ಕಾಗಿ. ತಂತ್ರಾಂಶವು ಅವನಿಗೆ ಸಾಧನ, ತ್ರಿಕೋಣವು ಸಾಧ್ಯ. ಈ ಕ್ರಮವು ತಲೆಕೆಳಗಾದಾಗಲೇ ಗುಂಡಿಗಳ ಪಾಠವು ಹುಟ್ಟುವುದು.

೨೦೧೩ರಲ್ಲಿ ಎನ್‌ಸಿಇಆರ್‌ಟಿ ಪ್ರಕಟಿಸಿದ ಪಠ್ಯಕ್ರಮವನ್ನು ಗ್ರಂಥವಾಗಿಯೇ ವಿಮರ್ಶಿಸುವುದು ಯುಕ್ತ. ಇದರ ಗುಣವು ಸ್ಪಷ್ಟವಾಗಿದೆ. ಯಾವುದೊಂದು ತಂತ್ರಾಂಶಕ್ಕೂ ಕಟ್ಟುಬೀಳದೆ, ಜಗತ್ತಿನೊಡನೆ ಸಂಪರ್ಕ, ಪರಸ್ಪರ ಸಂಪರ್ಕ, ಯಂತ್ರದೊಡನೆ ವ್ಯವಹಾರ, ನೂತನ ಸೃಷ್ಟಿ, ಶಿಕ್ಷಣದಲ್ಲಿ ಇದರ ಸಾಧ್ಯತೆಗಳು, ದೂರವುಳಿದವರನ್ನು ಮುಟ್ಟಿ ಅಂತರವನ್ನು ದಾಟುವುದು ಎಂಬ ಎಳೆಗಳಾಗಿ ವಿಷಯವನ್ನು ವಿಂಗಡಿಸಿರುವರು. ಲಕ್ಷಣಮಾರ್ಗದ ಕಡೆಗೆ ಇದು ಒಂದು ಹೆಜ್ಜೆಯೇ ಸರಿ. ಆದರೆ ಕೊನೆಯ ಎಳೆಯನ್ನು ಬೇರೆಯಾಗಿ ಎಣಿಸಿದುದು ವಿಚಾರಾರ್ಹ. ಅಂತರವನ್ನು ದಾಟುವುದು ಆರರಲ್ಲೊಂದು ಪ್ರಕರಣವಾದರೆ ಸಮಯವಿದ್ದಾಗ ಓದಿಕೊಳ್ಳುವ ಖಿಲಭಾಗವಾಗಿಬಿಡುವುದು. ತುಮರಿಯಂಥ ಊರಿಗೆ ಅದೇ ಮೊದಲ ಸೂತ್ರವಾಗಬೇಕು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಹಬ್ಬಿದಾಗ ಆ ಸೀಮೆಯು ಸಾಗರದಿಂದ ತುಂಡಾಯಿತು. ೨೦೨೫ರ ಜುಲೈ ೧೪ರಂದು ಸಿಗಂದೂರಿನ ಸೇತುವೆಯು ತೆರೆಯುವವರೆಗೆ ಅಲ್ಲಿಯ ಉಪಾಧ್ಯಾಯನು ಸಾಗರದಲ್ಲಿ ನಡೆಯುವ ತರಬೇತಿಗೆ ಬರಬೇಕಾದರೆ ಲಾಂಚನ್ನು ಕಾಯಬೇಕಾಗಿತ್ತು. ನಾಡಿಗೆ ವಿದ್ಯುತ್ತನ್ನು ಕೊಟ್ಟ ನೀರು ಅದು. ಹೊಸನಗರ ತಾಲ್ಲೂಕಿನ ಚಕ್ರಾ, ಸಾವೆಹಕ್ಕಲು ಜಲಾಶಯಗಳ ನೀರೂ ಅದೇ ಕಾರ್ಯಕ್ಕೆ ಸಲ್ಲುವುದು. ಆಷಾಢದಲ್ಲಿ ಮರ ಬಿದ್ದು ತಂತಿ ಹರಿದರೆ ಕತ್ತಲಲ್ಲಿ ಕೂರುವವರೂ ಇದೇ ಸೀಮೆಯವರು.

೨೦೧೬–೧೭ರಲ್ಲಿ ರಾಜ್ಯಸರಕಾರವು ತಂತ್ರಜ್ಞಾನ ಆಧಾರಿತ ಕಲಿಕೆಯ ಕಾರ್ಯಕ್ರಮವನ್ನು ಕೈಕೊಂಡು ಪ್ರೌಢಶಾಲೆಯ ಉಪಾಧ್ಯಾಯರಿಗೆ ತರಬೇತಿಗಳನ್ನು ಏರ್ಪಡಿಸಿತು. ೨೦೧೭ರಲ್ಲಿ ಕೇಂದ್ರದ 'ದೀಕ್ಷಾ' ಜಾಲವೇದಿಕೆಯೂ, ೨೦೧೯ರಲ್ಲಿ ಸುಮಾರು ೪೨ ಲಕ್ಷ ಉಪಾಧ್ಯಾಯರನ್ನು ಉದ್ದೇಶಿಸಿದ 'ನಿಷ್ಠಾ' ಎಂಬ ತರಬೇತಿಯೂ ಬಂದವು. ಇಷ್ಟು ದೊಡ್ಡ ಸಂಖ್ಯೆಗೆ ಪಾಠ ಹೇಳುವ ಉಪಾಯವೆಂದರೆ ಸೋಪಾನಕ್ರಮ: ರಾಷ್ಟ್ರಮಟ್ಟದವರು ರಾಜ್ಯದವರಿಗೆ, ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಕೂಡಿದವರಿಗೆ. ಹಸ್ತಪ್ರತಿಗಳನ್ನು ಪರಿಶೋಧಿಸಿದ ಯಾವನಿಗೂ ಇದರ ಅಪಾಯವು ಒಡನೆಯೇ ಹೊಳೆಯುವುದು. ಮೂಲದಿಂದ ಇಳಿದ ಪ್ರತಿ, ಪ್ರತಿಯಿಂದ ಇಳಿದ ಪ್ರತಿ, ಹೀಗೆ ನಾಲ್ಕನೆಯ ಲಿಪಿಕಾರನ ಹೊತ್ತಿಗೆ ಗ್ರಂಥಪಾತವೂ ಪ್ರಕ್ಷೇಪವೂ ಸೇರಿರುವುವು. ವೈದಿಕರು ಇದನ್ನು ಅರಿತೇ ಪದ, ಕ್ರಮ, ಜಟಾ, ಘನವೆಂದು ಒಂದೇ ಪಾಠವನ್ನು ಹಲವು ಬಗೆಯಲ್ಲಿ ಒಪ್ಪಿಸುವ ಕಟ್ಟುಪಾಡನ್ನು ಮಾಡಿದರು. ಸೋಪಾನಕ್ರಮದಲ್ಲಿ ಅಂತಹ ಒಪ್ಪಿಸುವಿಕೆ ಎಲ್ಲಿದೆ? ಹಾಜರಿಯೂ ಪ್ರಮಾಣಪತ್ರವೂ ಅದರ ಸ್ಥಾನದಲ್ಲಿ ನಿಂತಿರುವುವು. ೨೦೨೦ರಲ್ಲಿ ಶಾಲೆಗಳು ಮುಚ್ಚಿ ತರಬೇತಿಯು ಪರದೆಯ ಮೇಲೆಯೇ ನಡೆದಾಗ ಈ ಕೊರತೆಯು ಇನ್ನೂ ಹೆಚ್ಚಿತು. ಚಲಚ್ಚಿತ್ರವು ಮುಗಿದುದೇ ಪಾಠವು ಮುಗಿದಂತೆ ಎಂದಾಯಿತು. ಆ ದಿನಗಳಲ್ಲಿ ಮಲೆನಾಡಿನ ಮಕ್ಕಳೂ ಉಪಾಧ್ಯಾಯರೂ ಸಂಕೇತವು ಸಿಕ್ಕುವ ಗುಡ್ಡದ ನೆತ್ತಿಯನ್ನು ಹುಡುಕಿ ಹತ್ತಿ, ಕೊಡೆಯ ಕೆಳಗೆ ಕುಳಿತು ಪಾಠ ಕೇಳಿದುದು ಎಲ್ಲರಿಗೂ ತಿಳಿದ ಸಂಗತಿ.

ಈಗ ಪ್ರತಿಪದಪಾಠದ ವಿಚಾರಕ್ಕೆ ಬರಬೇಕು. ಇಲ್ಲಿ ಒತ್ತು, ಅಲ್ಲಿ ಒತ್ತು, ಮೇಲಿನ ಎಡಮೂಲೆಯಲ್ಲಿ ಕಡತವೆಂಬ ಮಾತನ್ನು ಹುಡುಕು ಎಂದು ಕಲಿತ ಉಪಾಧ್ಯಾಯನು ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಎಡಮೂಲೆಯು ಬಲಮೂಲೆಯಾದಾಗ ನಿರಕ್ಷರನಾಗುವನು. ಇಂದ್ರನಿಗೆ ಇಲ್ಲದ ಕಷ್ಟವು ಇವನಿಗುಂಟು: ಶಬ್ದಗಳು ಅನಂತವಾಗಿದ್ದರೂ ಕಲಿತ ಶಬ್ದವು ಮರುದಿನ ಬದಲಾಗುತ್ತಿರಲಿಲ್ಲ. ಲಕ್ಷಣಮಾರ್ಗವು ಎಂತಹುದೆಂಬುದಕ್ಕೆ ಕನ್ನಡದ ಉಪಾಧ್ಯಾಯನಿಗೆ ತೀರ ಹತ್ತಿರದ ಉದಾಹರಣೆಯೊಂದನ್ನು ಕೊಡಬಹುದು.

'ಅರ್ಕ' ಎಂಬ ಶಬ್ದವನ್ನು ಕನ್ನಡದಲ್ಲಿ ಬರೆಯುವಾಗ ರೇಫದ ಗುರುತು ಕಕಾರದ ಮುಂದೆ ಬೀಳುವುದು. ಉಚ್ಚಾರಣೆಯಲ್ಲಿ ರೇಫವೇ ಮೊದಲು. ಯಂತ್ರವು ಇದನ್ನು ಹೇಗೆ ಇಟ್ಟುಕೊಳ್ಳುವುದು? ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡವನ್ನೊಳಗೊಂಡಿರುವ ಯೂನಿಕೋಡ್ ಸಂಕೇತದಲ್ಲಿ ಅಕಾರ, ರಕಾರ, ಹಲಂತಚಿಹ್ನೆ, ಕಕಾರ ಎಂದು ನಾಲ್ಕು ಸಂಕೇತಗಳು ಉಚ್ಚಾರಣೆಯ ಅನುಪೂರ್ವಿಯಲ್ಲಿಯೇ ನಿಲ್ಲುವುವು. ಅರ್ಕಾವೊತ್ತನ್ನು ಹಿಂದಿನಿಂದ ಮುಂದಕ್ಕೆ ಒಯ್ದು ಕೂಡಿಸುವುದು ಪರದೆಯ ಮೇಲೆ ತೋರಿಸುವ ಅಕ್ಷರವಿನ್ಯಾಸದ ಕಾರ್ಯ. 'ಸ್ತ್ರೀ' ಎಂಬ ಏಕಾಕ್ಷರಶಬ್ದದಲ್ಲಿ ಆರು ಸಂಕೇತಗಳಿವೆ: ಸಕಾರ, ಹಲಂತ, ತಕಾರ, ಹಲಂತ, ರಕಾರ, ಈಕಾರದ ಚಿಹ್ನೆ. ಕಣ್ಣಿಗೆ ಒಂದು, ಕಿವಿಗೆ ನಾಲ್ಕು ವರ್ಣ, ಯಂತ್ರಕ್ಕೆ ಆರು ಸಂಕೇತ. ವೈಯಾಕರಣನ ವರ್ಣವಿಭಾಗಕ್ಕೂ ಇದಕ್ಕೂ ಒಂದು ಭೇದವಿದೆ. ವ್ಯಾಕರಣದಲ್ಲಿ ವ್ಯಂಜನವು ಸ್ವತಃ ಸ್ವರರಹಿತ, ಅಕಾರವು ಸೇರಿದಾಗ ಉಚ್ಚಾರಯೋಗ್ಯ. ಯಂತ್ರಸಂಕೇತದಲ್ಲಿ ಅಕಾರವು ಸಹಜವಾಗಿ ಕೂಡಿಕೊಂಡೇ ಇದ್ದು, ಹಲಂತಚಿಹ್ನೆಯು ಅದನ್ನು ತೆಗೆಯುವುದು. ಇಷ್ಟನ್ನು ಒಮ್ಮೆ ತಿಳಿದ ಉಪಾಧ್ಯಾಯನು ಕೆ. ಪಿ. ರಾವ್ ಅವರ ಕೀಲಿವಿನ್ಯಾಸದಲ್ಲಾಗಲಿ ಬೇರೊಂದರಲ್ಲಾಗಲಿ ಒತ್ತಕ್ಷರವನ್ನು ಹೇಗೆ ಮೂಡಿಸಬೇಕೆಂದು ತಾನೇ ಊಹಿಸಿಕೊಳ್ಳುವನು. ಹಿಂದಿನ ಕಾಲದ ನುಡಿ, ಬರಹಗಳ ಅಕ್ಷರಗಳಲ್ಲಿ ಬರೆದ ಪತ್ರವು ಮತ್ತೊಂದು ಯಂತ್ರದಲ್ಲಿ ರೋಮನ್ ಲಿಪಿಯ ಕಲಸುಮೇಲೋಗರವಾಗಿ ಏಕೆ ತೋರುವುದೆಂಬುದೂ ಅವನಿಗೆ ತಾನಾಗಿ ವಿದಿತವಾಗುವುದು: ಅಲ್ಲಿ ಇಟ್ಟುದು ವರ್ಣವನ್ನಲ್ಲ, ಆಕಾರದ ತುಂಡುಗಳನ್ನು. ಇದನ್ನು ಕಲಿಸುವುದಕ್ಕೆ ಅರ್ಧ ತಾಸು ಸಾಕು. ಕಲಿಸದೆ ಬಿಟ್ಟರೆ ಹತ್ತು ದಿವಸಗಳ ತರಬೇತಿಯೂ ಸಾಲದು. ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಕನ್ನಡ ಅಕ್ಷರವಿನ್ಯಾಸಕ್ಕೆ 'ತುಂಗಾ' ಎಂದು ಹೆಸರಿಟ್ಟಿದ್ದರು. ತುಂಗೆಯ ದಡದ ತೀರ್ಥಹಳ್ಳಿಯ ಮಕ್ಕಳಿಗೆ ಪಾಠವನ್ನು ಇಲ್ಲಿಂದಲೇ ಉಪಕ್ರಮಿಸಬಹುದಾಗಿತ್ತು. ಅದೇ ತಾಲ್ಲೂಕಿನ ಕುಪ್ಪಳಿಯ ಪೂರ್ಣಚಂದ್ರ ತೇಜಸ್ವಿಯವರು ಗಣಕದಲ್ಲಿ ಕನ್ನಡದ ಸ್ಥಿತಿಯನ್ನು ಕುರಿತು ಚಿಂತಿಸಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಹೊರತಂದ ಕುವೆಂಪು ತಂತ್ರಾಂಶಕ್ಕೆ ಅವರ ಪ್ರೇರಣೆಯಿದ್ದಿತು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಈಗಿನ ಮಕ್ಕಳು ಕೈಯಲ್ಲಿ ಮೊಬೈಲನ್ನು ಹಿಡಿದೇ ಬೆಳೆಯುವರು. ಉಪಾಧ್ಯಾಯನಿಗಿಂತ ಅವರೇ ಕುಶಲರು. ಆದುದರಿಂದ ಉಪಾಧ್ಯಾಯನ ತರಬೇತಿಯು ವ್ಯರ್ಥವೆಂದು. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ನಾಟ್ಯಾಚಾರ್ಯರಿಬ್ಬರ ವಿವಾದವನ್ನು ತೀರ್ಮಾನಿಸುವಾಗ ಪರಿವ್ರಾಜಿಕೆಯು ಮಾಡುವ ವಿವೇಕವು ಇದಕ್ಕೆ ಉತ್ತರ. ಕೆಲವರಲ್ಲಿ ಕೌಶಲವು ತಮ್ಮಲ್ಲಿಯೇ ಇರುವುದು, ಕೆಲವರಲ್ಲಿ ಅದನ್ನು ಪರರಿಗೆ ದಾಟಿಸುವ ಶಕ್ತಿಯು ವಿಶೇಷವಾಗಿರುವುದು. ಎರಡೂ ಇದ್ದವನೇ ಆಚಾರ್ಯರ ಮೊದಲ ಸಾಲಿನವನು. ಮಗುವಿನ ಕೌಶಲವು ಮೊದಲನೆಯ ಬಗೆಯದು. ಅದೂ ಪೂರ್ಣವಲ್ಲ. ಗೆಳೆಯರಿಂದ ಗೆಳೆಯರಿಗೆ ದಾಟಿಬಂದ ಸುದ್ದಿಯು ನಿಜವೋ ಸುಳ್ಳೋ ಎಂದು ತೂಗುವ ಸಾಮರ್ಥ್ಯವು ಬೆರಳಿನ ಚುರುಕಿನಿಂದ ಬರುವುದಿಲ್ಲ. ಬ್ಯಾಂಕಿನವನೆಂದು ಹೇಳಿಕೊಂಡು ಗುಪ್ತಸಂಖ್ಯೆಯನ್ನು ಕೇಳುವವನ ಮಾತಿಗೆ ಅಡಕೆ ಮಾರಿದ ಹಣವನ್ನು ಕಳೆದುಕೊಳ್ಳುವ ತಂದೆಯನ್ನು ಎಚ್ಚರಿಸಬಲ್ಲ ಮಗುವನ್ನು ಶಾಲೆಯೇ ಸಿದ್ಧಪಡಿಸಬೇಕು. ನೈಯಾಯಿಕರು ಶಬ್ದವನ್ನು ಪ್ರಮಾಣವೆಂದು ಒಪ್ಪಿದುದು ಅದು ಆಪ್ತನ ವಾಕ್ಯವಾದಾಗ ಮಾತ್ರ. ವಿಷಯವನ್ನು ಇದ್ದಂತೆ ಅರಿತು ಇದ್ದಂತೆ ತಿಳಿಸಲಿಚ್ಛಿಸುವವನು ಆಪ್ತ. ಹೇಳಿದವನಾರು, ಅವನಿಗೆ ತಿಳಿದುದು ಹೇಗೆ, ಹೇಳುವುದರಿಂದ ಅವನಿಗೇನು ಲಾಭ ಎಂಬ ಪ್ರಶ್ನೆಗಳನ್ನು ಏಳನೆಯ ತರಗತಿಯ ಮಗುವೂ ಕೇಳಬಹುದು. ೨೦೨೨ರ ಕೊನೆಯಿಂದ ವಾಕ್ಯಗಳನ್ನು ತಾನೇ ರಚಿಸುವ ಯಂತ್ರಗಳು ಸಾಮಾನ್ಯರ ಕೈಗೆ ಬಂದಿರುವುವು. ವಕ್ತೃವಿಲ್ಲದ ಈ ವಾಕ್ಯಗಳನ್ನು ಕಂಡು ಮೀಮಾಂಸಕನು ಅಪೌರುಷೇಯವೆಂದು ಹಿಗ್ಗಬೇಕಾಗಿಲ್ಲ. ಪುರುಷರ ಮಾತುಗಳನ್ನೇ ಕಲೆಹಾಕಿ ನೇಯ್ದುದು ಅದು, ಪುರುಷದೋಷಗಳೂ ಅದರಲ್ಲಿ ಸೇರಿವೆ.

ಅನ್ಯದೇಶದ ಯಂತ್ರವಿದ್ಯೆಯೊಂದನ್ನು ಹಳ್ಳಿಯವರಿಗೆ ಕನ್ನಡದಲ್ಲಿ ಲಕ್ಷಣಸಹಿತವಾಗಿ ಹೇಳಬಹುದೇ ಎಂದು ಶಂಕಿಸುವವರು ಸಾಗರ ತಾಲ್ಲೂಕಿನ ಹೆಗ್ಗೋಡನ್ನು ನೋಡಬೇಕು. ೧೯೪೯ರಲ್ಲಿ ಹುಟ್ಟಿದ ನೀನಾಸಂ ೧೯೭೩ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಮುಂದೆ ರಸಗ್ರಹಣ ಶಿಬಿರಗಳನ್ನು ನಡೆಸಿ ಜಗತ್ತಿನ ಚಲಚ್ಚಿತ್ರಗಳನ್ನು ಅಡಕೆಯ ಬೆಳೆಗಾರರ ಮುಂದೆ ಇಟ್ಟಿತು. ಕೆ. ವಿ. ಸುಬ್ಬಣ್ಣನವರು ಅಲ್ಲಿ ಕಲಿಸಹೊರಟುದು ಯಂತ್ರವನ್ನು ತಿರುಗಿಸುವುದನ್ನಲ್ಲ. ಚಿತ್ರವನ್ನು ನೋಡಿ ತೂಗುವುದನ್ನು. ಗಣಕದ ತರಬೇತಿಗಳನ್ನು ಯೋಜಿಸುವವರು ಈ ನಿದರ್ಶನವನ್ನು ಎಣಿಕೆಗೆ ತಂದುಕೊಳ್ಳದಿರುವುದು ಆಶ್ಚರ್ಯ.

ಸ್ಥಳವಿಚಾರವೂ ಅಲಕ್ಷ್ಯಕ್ಕೆ ತಕ್ಕುದಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ಸುಮಾರು ೬೦ ಕಿಲೋಮೀಟರು, ಸಾಗರ ಸುಮಾರು ೭೦. ಏಕೋಪಾಧ್ಯಾಯನ ಶಾಲೆಯಿಂದ ಉಪಾಧ್ಯಾಯನನ್ನು ವಾರಗಟ್ಟಲೆ ಜಿಲ್ಲಾಕೇಂದ್ರಕ್ಕೆ ಕರೆದರೆ ಶಾಲೆಯ ಬಾಗಿಲು ಹಾಕಬೇಕಾಗುವುದು. ಅದಕ್ಕಿಂತ ಹತ್ತಿರದ ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ತಿಂಗಳಿಗೊಂದು ದಿನ ಕೂಡಿ, ಕಳೆದ ತಿಂಗಳು ಕಲಿತುದನ್ನು ಶಾಲೆಯಲ್ಲಿ ಹೇಗೆ ನಡೆಯಿಸಿದೆನೆಂದು ಒಬ್ಬೊಬ್ಬರೂ ಒಪ್ಪಿಸುವಂತೆ ಮಾಡುವುದು ಲೇಸು. ಪ್ರವಚನವೂ ವ್ಯವಹಾರವೂ ಅಲ್ಲಿ ಒದಗುವುವು. ವ್ಯವಹಾರಕ್ಕೆ ವಿಷಯವೂ ಬೇಕಾದಷ್ಟಿದೆ. ಸಾಗರದ ಕೆಳದಿ ಇಕ್ಕೇರಿಗಳು, ಹೊಸನಗರದ ಬಿದನೂರು, ತೀರ್ಥಹಳ್ಳಿಯ ಕವಲೇದುರ್ಗ, ಇವೆಲ್ಲ ಒಂದೇ ಅರಸುಮನೆತನದ ನೆಲೆಗಳು. ಆ ಮನೆತನದ ಬಸವಪ್ಪನಾಯಕನು ಕ್ರಿ. ಶ. ೧೭೦೯ರಲ್ಲಿ ಶಿವತತ್ತ್ವರತ್ನಾಕರವೆಂಬ ಸಕಲವಿದ್ಯಾಸಂಗ್ರಹವನ್ನು ಸಂಸ್ಕೃತದಲ್ಲಿ ಒಂಬತ್ತು ಕಲ್ಲೋಲ, ನೂರೆಂಟು ತರಂಗಗಳಾಗಿ ರಚಿಸಿದನು. ಇಂದಿನ ಮಕ್ಕಳು ತಮ್ಮೂರಿನ ಶಾಸನವನ್ನು ಚಿತ್ರಿಸಿ, ಮುಳುಗಡೆಯಾದ ಊರುಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದು, ಕನ್ನಡ ವಿಕಿಪೀಡಿಯಕ್ಕೆ ಸೇರಿಸಿದರೆ ಅದು ಅಭ್ಯಾಸಕ್ಕಾಗಿ ಮಾಡಿದ ಸುಳ್ಳುಪತ್ರಕ್ಕಿಂತ ಮೇಲಲ್ಲವೇ?

ಉಳಿದುದು ಮಳೆಗಾಲದ ಪ್ರಶ್ನೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು, ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಗಳ ಮಳೆಯು ಪ್ರಸಿದ್ಧವಾದುದು. ಶಾಲೆ ತೆರೆಯುವುದೂ ಮಳೆ ಹಿಡಿಯುವುದೂ ಒಂದೇ ಕಾಲ. ವಿದ್ಯುತ್ತಿಲ್ಲದ ಆ ತಿಂಗಳುಗಳಲ್ಲಿ ಗಣಕದ ಪಾಠವನ್ನು ನಿಲ್ಲಿಸಬೇಕೆಂಬ ನಿಯಮವಿಲ್ಲ. ಯಂತ್ರವು ಎಲ್ಲವನ್ನೂ ಎರಡೇ ಅಂಕಿಗಳಿಂದ ಬರೆದಿಡುವುದೆಂಬುದನ್ನು ಕನ್ನಡದ ಉಪಾಧ್ಯಾಯನು ಛಂದಸ್ಸಿನ ಪ್ರಸ್ತಾರದಿಂದ ಹಲಗೆಯ ಮೇಲೆಯೇ ತೋರಿಸಬಹುದು. ಪ್ರಾಚೀನರಿಗೆ ಗಣಕಯಂತ್ರವು ತಿಳಿದಿತ್ತೆಂದು ಇದರಿಂದ ಯಾರೂ ಸಾಧಿಸಹೊರಡಬಾರದು. ಗಣನೆಯ ರೀತಿಯೊಂದು ಅವರಿಗೆ ತಿಳಿದಿತ್ತು, ಅಷ್ಟೆ. ಮೂರು ಅಕ್ಷರಗಳ ಸ್ಥಾನಗಳಲ್ಲಿ ಗುರು ಲಘುಗಳನ್ನು ಹೂಡಿದರೆ ಎಂಟು ಗಣಗಳು. ಆ ಪ್ರಸ್ತಾರದಲ್ಲಿ ಆರನೆಯ ಗಣವು ಯಾವುದೆಂದು ಕೇಳಿದರೆ ಎಂಟನ್ನೂ ಬರೆದು ನೋಡಬೇಕಾಗಿಲ್ಲ, ನಷ್ಟವೆಂಬ ವಿಧಿಯಿದೆ. ಆರು ಸಮಸಂಖ್ಯೆ, ಆದುದರಿಂದ ಲಘು. ಅದರ ಅರ್ಧ ಮೂರು. ಮೂರು ವಿಷಮ, ಆದುದರಿಂದ ಗುರು. ಒಂದನ್ನು ಕೂಡಿಸಿ ಅರ್ಧಮಾಡಿದರೆ ಎರಡು. ಎರಡು ಸಮ, ಆದುದರಿಂದ ಲಘು. ಲಘು, ಗುರು, ಲಘು: ಜಗಣ. ಗುರುವಿಗೆ ಸೊನ್ನೆಯನ್ನೂ ಲಘುವಿಗೆ ಒಂದನ್ನೂ ಇಟ್ಟು ಹಲಗೆಯ ಮೇಲೆ ಬರೆದರೆ ೧೦೧ ಎಂದಾಗುವುದು. ಎಣಿಕೆಯನ್ನು ಸೊನ್ನೆಯಿಂದ ತೊಡಗಿಸುವ ಯಂತ್ರದ ಲೆಕ್ಕದಲ್ಲಿ ಆರನೆಯದರ ಸಂಖ್ಯೆ ಐದು; ಐದನ್ನು ಅದು ಬರೆಯುವುದೂ ೧೦೧ ಎಂದೇ. ಇದಕ್ಕೆ ಬೇಕಾದುದು ಒಂದು ಹಲಗೆ, ಒಂದು ಸುಣ್ಣದ ಕಡ್ಡಿ, ಎಣಿಸುವುದಕ್ಕೆ ಒಂದು ಹಿಡಿ ಅಡಕೆ.